ಮೊದಲ ಎದ್ದ ಹಿಮ್ಮಡಿ

ನೀಲವ್ವನ ಗಂಡ ಮಲ್ಲಪ್ಪ ಏಳು ಹಳ್ಳ್ಯಾಗ ಸೋಲದ ಪೈಲ್ವಾನನ್ನ ಎತ್ತಿ ಒಗದ ಹೊಡತಕ್ಕ ನೆಲ ನಡುಗಿ, ಬಾವ್ಯಾಗಿನ ನೀರು ಉಕ್ಕಿ ಬಾಜೂ ಹೊಲ ತೋಯ್ದಿತ್ತು. ಇದರಾಗ ಅರ್ಧ ಸುಳ್ಳು ಅಂತ ನೀಲವ್ವನ ಒಪ್ಪತಾಳ. ಯಾವ ಅರ್ಧ ಅಂತ ಕೇಳಿದ್ರ ಮಾತ್ರ ಗಂಡ ಗೆದ್ದ ಬೆಳ್ಳಿ ಕಡಗ ಮೊಣಕೈತನಕ ಏರಿಸಿ ತೋರಸ್ತಾಳ, ಅಲ್ಲಿಗೆ ಮಾತು ಮುಗೀತು. ಆಕಿ ಈಗ ಇರೂ ಪರದೇಶದ ಊರು ಲಿವರ್‌ಮೋರಿನ ಓಣ್ಯಾಗ ಈ ಕಥಿ ಕೇಳದ ಮನಿ ಇಲ್ಲ. ಕೇಳಿ ತಿಳಕೊಂಡ ಮನೀನೂ ಇಲ್ಲ ಅನ್ರಿ, ಆಕಿ ಹೇಳೂದು ಕನ್ನಡದಾಗ.

ತಿಳಕೊಂಡವ ಒಬ್ಬನ. ಬಾಜೂ ಮನಿ ವಾಲ್ಟರ್, ನೀಲವ್ವನ ಬಾಯಾಗ ವಾಲ್ಟಪ್ಪ. ಎಂಬತ್ತೊಂಬತ್ತರ ಮುದುಕ, ಕೈ ಇನ್ನೂ ಒನಕಿ ಇದ್ದಂಗ. ಹೈಸ್ಕೂಲಿಗೆ ಹೋಗೂ ನೀಲವ್ವನ ಮೊಮ್ಮಗಳು ನಿವೇದಿತಾ ನಡುವ ಕುಂತು ಇವರಿಬ್ಬರ ಮಾತು ಆ ಕಡಿಂದ ಈ ಕಡಿಗೆ ದಾಟಸ್ತಾಳ. ಈ ರವಿವಾರ ಅವ ಒಂದು ಕೈಯಾಗ ನಿಂಬಿಹಣ್ಣಿನ ಬುಟ್ಟಿ, ಇನ್ನೊಂದು ಕೈಯಾಗ ಪೆನ್‌ಡ್ರೈವು ಹಿಡಕೊಂಡು ಬಂದ. ಟೀವಿ ಇನ್ನೂ ಕಪ್ಪು-ಬಿಳಿ ಇದ್ದ ಕಾಲಕ್ಕ ತಾನೂ ಟೀವ್ಯಾಗ ಕುಸ್ತಿ ಹಿಡದಾವಂತ. ಚಾಂಪಿಯನ್ ಒಬ್ಬನ ಜೋಡಿ ಮೂರು ವರ್ಷದ ವೈರ ಇತ್ತಂತ. ಕಡೀ ಕುಸ್ತಿ ಇದರಾಗ ಐತಿ, ನೀಲವ್ವ ನೋಡ್ಬೇಕಂತ.

ಟೀವ್ಯಾಗ ರೇಶಿಮಿ ನಿಲುವಂಗಿ ತೊಟ್ಟು, ತಲಿಗೆ ರುಮಾಲು ಸುತ್ತಿದವ ಒಬ್ಬ ಬಂದ. ಮಂದಿ ಹೋ ಅಂತ ಬೈಯಾಕ ಹತ್ತಿದ್ರು.

"ಯಾರ ಇವ?"

"ಅವರೇ ಅಜ್ಜಿ, ವಾಲ್ಟರ್! ಮಹಾರಾಜಾ ಆಫ್ ಗೋಲ್ಕೊಂಡಾ ಅಂತ ಸ್ಟೇಜ್ ನೇಮು. ಹಿ ವಾಸ್ ದ ಬ್ಯಾಡ್ ಗೈ."

"ಮಹಾರಾಜನ? ಬಾಣಂತಿಗೆ ತಲಿ ಕಟ್ಟಿದಂಗ ಐತಲ್ಲ ಯವ್ವಾ ಆ ರುಮಾಲು!"

"ಅಜ್ಜೀ! ಐ ಆಮ್ ನಾಟ್ ಟೆಲ್ಲಿಂಗ್ ಹಿಮ್ ದಟ್."

ಚಾಂಪಿಯನ್ ಬಂದ, ಇಬ್ಬರೂ ಗುದ್ದಾಡಿದ್ರು. ಕಡೀಕ ಚಾಂಪಿಯನ್ ಈ ಮಹಾರಾಜನ್ನ ತಲಿಮ್ಯಾಲ ಎತ್ತಿ ಧಡ್ ಅಂತ ಕೆಡವಿದ. ಸೋಫಾದಾಗ ಕುಂತ ವಾಲ್ಟಪ್ಪ ನಡಾ ಹಿಡಕೊಂಡು ಮುಖ ಕಿವಚಿದ, ಇವತ್ತ ಬಿದ್ದವರಂಗ.

"ನಿವಿ, ಹಿಂದಕ ತಿರಗಸು," ಅಂದ್ಲು ನೀಲವ್ವ. ನಿವೇದಿತಾ ತಿರಗಿಸಿದ್ಲು. ಮತ್ತೊಮ್ಮೆ. ಮೂರನೇ ಸಲ ನೀಲವ್ವ ಟೀವಿ ಮುಂದ ಹೋಗಿ ಬೆರಳು ಇಟ್ಟ ಬಿಟ್ಲು. "ಇಲ್ನೋಡ. ಖರೇನ ಎತ್ತಿದ್ರ ಮನಷ್ಯಾನ ಕಾಲು ನೆಲಾ ಬಿಡಾಕ ಒಲ್ಲೆ ಅಂತಾವು. ಇವನ ಹಿಮ್ಮಡಿ, ಅವ ಕೈ ಹಾಕೂಕಿಂತ ಮೊದಲ ಎದ್ದಾವು. ಈ ಮಹಾರಾಜ ಬಿದ್ದಿಲ್ಲ, ಜಿಗದಾನ. ಹೇಳ ಅವಗ."

ನಿವೇದಿತಾ ಭಾಳ ಮೆತ್ತಗ ಹೇಳಿದ್ಲು. ವಾಲ್ಟಪ್ಪನ ಕಿವಿ ಕೆಂಪಾದವು. ಚಾದ ಕಪ್ಪು ಕೆಳಗಿಟ್ಟು ಅಂದ: ಅರವತ್ತೇಳು ವರ್ಷ ಆತು. ನನ್ನ ಹೆಂಡ್ತಿ ಸಾಯೂತನಕ ಅದನ್ನ ಖರೇ ಅಂತ ನಂಬಿದ್ಲು, ನನ್ನ ಬೆನ್ನಿಗೆ ಎಣ್ಣಿ ತಿಕ್ಕತಿದ್ಲು. ಇದೆಲ್ಲಾ ನಾಟಕ ಅಂತ ಬಾಯಿ ಬಿಡಬಾರದು, ಹಂಗ ನಮ್ಮ ಕಸಬಿನ ಆಣಿ ಇತ್ತು. ಯಾರೂ ಹಿಡೀಲಿಲ್ಲ. ಈ ತಾಯಿ ಹ್ಯಾಂಗ ಹಿಡದ್ರು?

ನೀಲವ್ವ ರೂಢಿಯಂಗ ಕಡಗ ಏರಿಸಾಕ ಹೋಗಿ, ಅರ್ಧಕ್ಕ ಇಳಿಸಿದ್ಲು. ಬಾಯಿಗೆ ಚಿಲಕ ಇಲ್ಲದ ಮುದುಕಿ, ತಾ ಹಾಕಿದ ಪಟ್ಟಿನಾಗ ತಾನ ಸಿಕ್ಕಿದ್ಲು. ಖರೇ ಹೇಳಿದ್ರ ಮಲ್ಲಪ್ಪನ ಗೆಲುವು ಹೋಗತೈತಿ, ಅರವತ್ತು ವರ್ಷ ಉಬ್ಬಿಸಿದ ಬಡಾಯಿ ಠುಸ್. ಸುಳ್ಳ ಹೇಳೂಣು ಅಂದ್ರ, ಎದುರಿಗೆ ವಾಲ್ಟಪ್ಪ ತನ್ನ ಗುಟ್ಟು ಬಿಚ್ಚಿಟ್ಟು ಕುಂತಾನ.

"ಹಿಂಗ ಜಿಗದವ ನಮ್ಮೂರಾಗೂ ಒಬ್ಬ ಇದ್ದ," ಅಂದ್ಲು. "ನಮ್ಮಣ್ಣ."

ನಿವೇದಿತಾಗ ಇಂಗ್ಲಿಷ್ ಮಾಡೂದ ಮರತು ಹೋತು. "ವೇಟ್. ಅಜ್ಜ ಎತ್ತಿ ಒಗದ್ರಲ್ಲಾ, ದ ಬಿಗ್ ಪೈಲ್ವಾನ್, ಅವರು ನಿಮ್ಮಣ್ಣಾನಾ?"

"ಏಳು ಹಳ್ಳ್ಯಾಗ ಸೋಲದವ ಅವನೊಬ್ಬನ ಇದ್ದ. ನನ್ನ ಮಗನ್ನ ಚಿತ್ ಮಾಡಿದವಗ ಮಗಳನ್ನ ಕೊಡ್ತೇನಿ ಅಂತ ನಮ್ಮಪ್ಪ ಡಂಗುರ ಸಾರಿಸಿದ್ದ. ನಮ್ಮಣ್ಣ ಕೋಣ. ನಿಮ್ಮಜ್ಜ ಹಗ್ಗದ ಮ್ಯಾಲ ಒಣಾ ಹಾಕಿದ ಧೋತರ, ಗಾಳಿ ಬೀಸಿದ್ರ ಹೊಳ್ಳಿ ಬೀಳತಿದ್ದ. ಆ ಧೋತರ ಬಂದು ಕೋಣನ ನಡಕ್ಕ ಕೈ ಹಾಕೂದರಾಗ ಕೋಣನ ಹಿಮ್ಮಡಿ ಎದ್ದಿದ್ವು. ಬೇಕಾರ ಬಾವ್ಯಾಗಿನ ನೀರು ಉಕ್ಕಿದ್ದು ಖರೇ ಅನ್ಕೋ."

ಮೊಮ್ಮಗಳು ಎಲ್ಲಾ ದಾಟಿಸಿದ ಮ್ಯಾಲ ವಾಲ್ಟಪ್ಪ ಹೊಟ್ಟಿ ಕುಣಿಸಿ ನಕ್ಕ. ಆಮ್ಯಾಲ ನಗೂದು ನಿಲ್ಲಿಸಿ ಕೇಳಿದ, "ನನಗ ಜಿಗಿ ಅಂತ ಮ್ಯಾನೇಜರ್ ಹೇಳತಿದ್ದ. ನಿಮ್ಮಣ್ಣಗ ಯಾರು ಹೇಳಿದ್ರು?"

ನೀಲವ್ವ ಕಡಗ ಬಿಚ್ಚಿ ಅವನ ಕೈಯಾಗ ಇಟ್ಲು. "ತೊಗೋ ವಾಲ್ಟಪ್ಪ, ಚಾ ಮುಗಿಯೂತನಕ ನೀ ಹಾಕ್ಕೊ. ಬಿದ್ದವರಿಗೆ ಯಾರೂ ಏನೂ ಕೊಡಲಿಲ್ಲ." ಹಂಗ ಅಂದು, ಹಲ್ಲಿಲ್ಲದ ಬಾಯಿಗೆ ಹದಿನೇಳರ ಹುಡುಗಿಯಂಗ ಸೆರಗು ಅಡ್ಡ ಹಿಡದ್ಲು.

"ಕುಸ್ತಿ ಹಿಂದಿನ ದಿನ ನಾಗರ ಪಂಚಮಿ. ನಮ್ಮಣ್ಣ ಹಿತ್ತಲದಾಗ ಒಬ್ಬನ ಕುಂತು ಒಂದು ಡಬ್ಬಿ ಅಂಟಿನ ಉಂಡಿ ಮುಗಿಸಿದ್ದ. ಉಂಡಿ ಕಟ್ಟಿ, ನಾಳೆ ಒಂದ ಸಲ ಜಿಗಿಯೋ ಅಣ್ಣಾ ಅಂತ ಕೈ ಮುಗದು ಕೊಟ್ಟಾಕಿ ನಾನ. ಅಷ್ಟು ಅಂಟು, ಉತ್ತತ್ತಿ, ಒಣಕೊಬ್ಬರಿ ಸಂತಿಂದ ಹೊತ್ತು ತಂದು, ನಮ್ಮ ಹಿತ್ತಲ ಗ್ವಾಡಿ ಮ್ಯಾಲಿಂದ ಇಳಿಬಿಟ್ಟ ಸಣಕಲ ಪೈಲ್ವಾನ ಯಾರು? ಕೇಳ ವಾಲ್ಟಪ್ಪನ್ನ, ಹೇಳಲಿ ನೋಡೂಣು."