ವಸುಧಾ ಹಾಕಿದ ಹಾಡು

ಗಂಡ ಅನಂತಪದ್ಮನಾಭ ಸ್ನಾನಕ್ಕೆ ಹೋದದ್ದೇ ತಡ, ಅವರ ಫೋನನ್ನು ಪಂಕಜಾ ಎತ್ತಿಕೊಂಡಳು. ಹಳೆಯ ಹಾಡುಗಳ ವಾಟ್ಸಾಪ್ ಗ್ರೂಪಿನಲ್ಲಿ ಜೆ.ಪಿ. ನಗರದ ವಸುಧಾ ಆಗಲೇ ಇವತ್ತಿನ ಹಾಡು ಹಾಕಿದ್ದಳು. ಅವಳು ಏನು ಹಾಕಿದರೂ ಇವರದು ಪುಟಗಟ್ಟಲೆ ಮೆಚ್ಚುಗೆ. ಮನೆಯಲ್ಲಿ ಸಾರು ಹೇಗಿದೆ ಎಂದು ಕೇಳಿದರೆ ಬರೀ 'ಹೂಂ'.

ಪಂಕಜಾಳಿಗೆ ಹೊಟ್ಟೆ ಉರಿಯಿತು. ಹಾಡು ಕೇಳದೆಯೇ ಗಂಡನ ಹೆಸರಿನಲ್ಲಿ ಬರೆದುಬಿಟ್ಟಳು: "ಚೆನ್ನಾಗಿಲ್ಲ. ಇಂಥದ್ದು ಇನ್ನು ಹಾಕಬೇಡಿ."

ತಕ್ಷಣ ವಸುಧಾಳ ಉತ್ತರ ಬಂತು: "ಅಯ್ಯೋ, ಯಾಕ್ ಸಾರ್? ಹೆಣ್ಣು ನೋಡೋಕೆ ಹೋದಾಗ ನಿಮ್ಮ ಮನೆಯವ್ರು ಹಾಡಿದ್ದು ಇದೇ ಅಂತ ನೀವೇ ಅಲ್ವಾ ಹುಡುಕಿಸಿದ್ದು? ಆರು ತಿಂಗಳಿಂದ ಹುಡುಕ್ತಿದ್ದೆ, ಇವತ್ತು ಸಿಕ್ತು."

ಬಚ್ಚಲುಮನೆಯ ಚಿಲಕ ಸರಿಯಿತು. ತಲೆ ಒರೆಸಿಕೊಳ್ಳುತ್ತಾ ಬಂದ ಅನಂತಪದ್ಮನಾಭ, "ವಸುಧಾ ಅವ್ರು ಏನಾದ್ರೂ ಹಾಕಿದಾರಾ ನೋಡೇ," ಎಂದರು.

"ಹಾಕಿದಾರೆ," ಎಂದಳು ಪಂಕಜಾ. ಫೋನ್ ಕೊಡಲು ಕೈ ಮುಂದೆ ಬರಲಿಲ್ಲ.