ಕಡ ತಂದ ತಲೆ

ದಾವಿಯ ತಲೆಗೆ ಬಿಗಿಯಾದ ಬಟ್ಟೆಯ ಟೋಪಿ ಎಳೆದು, ನರ್ಸ್ ಲಿಂದಾಲ್ವ ತಲೆಯ ಆಕಾರ ಅಳೆಯಲು ಮೊಬೈಲಿನಲ್ಲಿ ಸುತ್ತಲೂ ಫೋಟೊ ತೆಗೆಯತೊಡಗಿದಳು. ನಾಲ್ಕು ತಿಂಗಳ ಕೂಸು ಕೇಕೆ ಹಾಕಿ ನಕ್ಕಿತು. ಅವನನ್ನು ತೊಡೆಯ ಮೇಲಿಟ್ಟುಕೊಂಡ ಜುಸಿಲೇನಿಯೂ ನಕ್ಕಳು. ಅವಳಿಗೇನು ಭಯ, ಮಗು ಅವಳದಲ್ಲವಲ್ಲ!

ಅವಳ ಸ್ವಂತ ಮಗ ವೆಸ್ಲೇ ತಂಗಿ ಎಡಿವಾನಿಯಾಳ ಮನೆಯಲ್ಲಿದ್ದ. ಅವನ ತಲೆ ನೋಡಿದವರಿಗೆಲ್ಲ ಒಂದಿಷ್ಟು ಚಿಕ್ಕದೆನಿಸುತ್ತಿತ್ತು. ಅಕ್ಕತಂಗಿ ಇಬ್ಬರೂ ಬಸುರಿಯರಾಗಿದ್ದಾಗ ಸೊಳ್ಳೆಯಿಂದ ಬರುವ ಜೀಕಾ ಜ್ವರ ಊರನ್ನೇ ಮಲಗಿಸಿತ್ತು. ಇಬ್ಬರಿಗೂ ಮೈತುಂಬ ಕೆಂಪು ದದ್ದು ಎದ್ದು ಹೋಗಿತ್ತು. ಆ ಜ್ವರ ಹೊಟ್ಟೆಯೊಳಗಿನ ಮಗುವಿನ ಮಿದುಳಿಗೇ ಕೈಹಾಕಿ ತಲೆ ಬೆಳೆಯದಂತೆ ಮಾಡುತ್ತದೆಂದು ಆಮೇಲೆ ತಿಳಿಯಿತು.

"ಡಾಕ್ಟ್ರು ಹೌದು ಅಂದ್ರೆ ನಾನು ನಿಮ್ಮನ್ನ ಬಿಟ್ಟು ಸಾವ್ ಪೌಲೋ ಬಸ್ ಹತ್ತಿದೆ ಅಂತ ತಿಳ್ಕೋ" ಎಂದಿದ್ದ ಗಂಡ ಅದೆಮೀರ್. ಹಾಗೆ ಬಸ್ ಹತ್ತಿದ ಮಹಾಶಯರು ಆ ಬೀದಿಯಲ್ಲಿ ಆಗಲೇ ಮೂವರಿದ್ದರು. ಅದಕ್ಕೇ ಅವಳು ವೆಸ್ಲೇಗೆ ನೆಗಡಿಯೆಂದು ತಂಗಿಯ ಬಳಿ ಬಿಟ್ಟು, ಸಂತೆ ಸುತ್ತಿಸಿ ತರುತ್ತೇನೆಂದು ತಂಗಿಯ ಗುಂಡುತಲೆಯ ಮಗ ದಾವಿಯನ್ನು ಎತ್ತಿಕೊಂಡು, ವೆಸ್ಲೇ ಹೆಸರಲ್ಲಿ ತಲೆ ಸರಿಯಿದೆಯೆಂಬ ಚೀಟಿ ಪಡೆಯಲು ಈ ತಪಾಸಣೆಗೆ ಬಂದಿದ್ದಳು. ನರ್ಸ್ ದೂರದ ರೆಸಿಫೆ ನಗರದಿಂದ ಬಂದವಳು, ಊರವರ ಗುರುತಿಲ್ಲದವಳು. ವೆಸ್ಲೇಯ ಲಸಿಕೆ ಕಾರ್ಡು ತೋರಿಸಿದ್ದೇ ಸಾಕಾಯಿತು.

ಪರದೆಯ ಮೇಲೆ ತಲೆಯ ಆಕಾರ ಬಣ್ಣಬಣ್ಣವಾಗಿ ಮೂಡಿತು. ಹಿಂಬದಿ ಪೂರ್ತಿ ಕೆಂಪು.

"ಅಳತೆ ಸರಿ ಇದೆ ಕಣಮ್ಮ, ಆಕಾರ ಸರಿ ಇಲ್ಲ. ಹಿಂದುಗಡೆ ಹೀಗೆ ಉಬ್ಬಿದ್ರೆ ಜೀಕಾ ಮಿದುಳು ಮುಟ್ಟಿರ್ಬಹುದು" ಎಂದಳು ಲಿಂದಾಲ್ವ.

ಜುಸಿಲೇನಿ ಮಗುವಿನ ಟೋಪಿ ಸವರಿದಳು. "ಎಲ್ಲೋ ತಪ್ಪಾಗಿದೆ ಮೇಡಮ್! ಇವ್ನ ತಲೆ ಎಷ್ಟು ಗುಂಡಗಿದೆ, ನೋಡಿ! ಇನ್ನೊಂದ್ ಸಲ ತೆಗೀರಿ."

ಇನ್ನೊಂದು ಸಲವೂ ಅದೇ ಕೆಂಪು. ಲಿಂದಾಲ್ವ ಒಂದು ರಿಬ್ಬನ್ ತೆಗೆದು ಮಗುವಿನ ಕಣ್ಣೆದುರು ಅತ್ತಿತ್ತ ಆಡಿಸಿದಳು. ದಾವಿ ಮಾತಿನ ಸದ್ದಿಗೆ ನಗುತ್ತಲೇ ಇದ್ದ. ಕಣ್ಣು ಮಾತ್ರ ರಿಬ್ಬನ್ನಿನ ಹಿಂದೆ ಹೋಗಲಿಲ್ಲ. ನಾಲ್ಕು ತಿಂಗಳಿಂದ ಎತ್ತಿ ಆಡಿಸಿದ ಮಗು!

"ಇದೇ ಕೊನೇ ಮಾತಲ್ಲ, ಸ್ಕ್ಯಾನ್ ಆಗ್ಬೇಕು. ಆದ್ರೆ ತಡ ಮಾಡ್ಬೇಡಿ. ಈಗಿಂದ್ಲೇ ವ್ಯಾಯಾಮ ಮಾಡಿಸಿದ್ರೆ ಎಷ್ಟೋ ಕಲೀತಾನೆ. ಬರೀ ಕಣ್ಣಲ್ಲಿ ನೋಡಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಕರ್ಕೊಂಡು ಬಂದಿದ್ದು ಒಳ್ಳೇದಾಯ್ತು" ಎನ್ನುತ್ತ ನರ್ಸ್ ರೆಸಿಫೆಯ ಆಸ್ಪತ್ರೆಗೆ ಚೀಟಿ ಬರೆಯತೊಡಗಿದಳು. ಹೆಸರು, ವೆಸ್ಲೇ.

ಚೀಟಿ ಹರಿದು ಬಿಸಾಡಿ ಮನೆಗೆ ಹೋದರೆ ಕೇಳುವವರಿಲ್ಲ. ಬಾಯಿ ಬಿಟ್ಟರೆ ವೆಸ್ಲೇಯನ್ನೂ ಇದೇ ಬೆಂಚಿನ ಮೇಲೆ ಕೂರಿಸಬೇಕು, ಗಂಡನ ಆಸೆ ಬಿಡಬೇಕು. ತೊಡೆಯ ಮೇಲಿನ ಕೂಸು ಅವಳ ಬೆರಳು ಹಿಡಿದುಕೊಂಡಿತ್ತು.

"ತಾಯಿ ಹೆಸ್ರು?"

"ಎಡಿವಾನಿಯಾ" ಎಂದಳು ಜುಸಿಲೇನಿ. "ನನ್ ತಂಗಿ. ಇವ್ನು ಅವಳ ಮಗ, ದಾವಿ. ಇಲ್ಲಿಗೆ ತಂದಿರೋದು ಅವಳಿಗೆ ಗೊತ್ತಿಲ್ಲ."

ಲಿಂದಾಲ್ವಳ ಪೆನ್ನು ನಿಂತಿತು. "ಮತ್ತೆ ನಿಮ್ ಮಗು?"

"ಅವಳ ಹತ್ರಾನೇ ಇದೆ. ಅಳ್ತಿದೆ ಅಂತ ಈಗ ಎದೆಹಾಲು ಕೊಡ್ತಿರ್ತಾಳೆ."