ಮೂಗಯ್ಯನ ವರ್ಗಾವಣೆ

ಮೂಗಯ್ಯ ಹೋಗಿಬಿಟ್ಟ ಎಂಬ ಫೋನು ಬಂದಾಗ ಗುರುಸಿದ್ದಯ್ಯನವರು ಪೂಜೆಗೆ ಕುಳಿತಿದ್ದರು. ಹಣೆಗೆಂದು ತೆಗೆದ ವಿಭೂತಿ ಬೆರಳಲ್ಲೇ ಉಳಿಯಿತು.

"ಕೊಂದವನು ನಾನೇ," ಎಂದರು.

"ಹಾಗನ್ನಬೇಡಿ," ಎಂದರು ಹೆಂಡತಿ ಸುಮಿತ್ರಮ್ಮ. "ನೀವು ರೇಂಜರು, ಅವನು ಫಾರೆಸ್ಟ್ ವಾಚರು. ಎಲ್ಲಿಗೆ ಹಾಕಿದ್ರೂ ಹೋಗಲೇಬೇಕಲ್ಲ. ಸರ್ಕಾರಿ ಕೆಲಸ."

ಅದೇ ಅವರನ್ನು ಚುಚ್ಚುತ್ತಿದ್ದುದು. ನಿವೃತ್ತಿಗೆ ಮುಂಚೆ ಅವರು ಹಟ ಹಿಡಿದು ಮಾಡಿಸಿದ ಕೊನೆಯ ವರ್ಗಾವಣೆ ಮೂಗಯ್ಯನದು. ಅಂದು ಅವನು ಕೈ ಮುಗಿದು ನಿಂತಿದ್ದ.

"ಬ್ಯಾಡಿ ಸಾ. ಆ ಜಾಗ ನಂಗೆ ಒಗ್ಗಕಿಲ್ಲ. ಯಾವ ಕಡೆಯಿಂದ ಏನು ನುಗ್ತದೋ ಗೊತ್ತಾಗಕಿಲ್ಲ."

"ಇಷ್ಟು ವರ್ಷ ಸರ್ವಿಸ್ ಆದವನಿಗೆ ಭಯವೇನೋ? ಹೋಗಿರು, ಪಳಗ್ತೀಯ," ಎಂದು ಅವರು ನಕ್ಕಿದ್ದರು.

ಕುಂಬಾರಕೊಪ್ಪಲಿನಲ್ಲಿ ಮೂಗಯ್ಯನ ಮನೆಯ ಮುಂದೆ ದೇಹವನ್ನು ಮಲಗಿಸಿದ್ದರು. ಮುಖ ನೋಡುವಂತಿರಲಿಲ್ಲ, ಪೂರ್ತಿ ಮುಚ್ಚಿದ್ದರು. ಹಳೆಯ ಜೀಪ್ ಡ್ರೈವರ್ ಮರಿಸ್ವಾಮಿ ಪಕ್ಕಕ್ಕೆ ಬಂದು ನಿಂತ.

"ಹುಲಿ ಬಾಯಿಂದ ಬೇಕಾದ್ರೆ ತಪ್ಪಿಸ್ಕತೀನಿ, ನಮ್ ಸಾಹೇಬ್ರ ಆರ್ಡರಿಂದ ಆಗಕಿಲ್ಲ ಅಂತಿದ್ದ ಸಾ."

ಒಬ್ಬಿಬ್ಬರು ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. ಗುರುಸಿದ್ದಯ್ಯನವರು ತಲೆ ತಗ್ಗಿಸಿದರು.

"ಓಡಲಿಲ್ವೇನೋ ಅವನು?"

"ಇಲ್ಲ ಸಾ. ನೋಡಿದೋರು ಕೂಗ್ಕಂಡ್ರಂತೆ. ಎದುರಿಗೆ ಬಂದ್ರೆ ಓಡಬ್ಯಾಡಿ, ಕಲ್ಲಿನಂಗೆ ನಿಂತ್ಕಳಿ, ಅದೇ ತಿರುಕ್ಕಂಡು ಹೋಯ್ತದೆ ಅಂತ ನಮಗೆಲ್ಲ ಹೇಳ್ಕೊಟ್ಟೋನೇ ಅವ್ನು. ಅಂಗೇ ನಿಂತವ್ನೆ."

ಗುರುಸಿದ್ದಯ್ಯನವರು ಮೂಗಯ್ಯನ ಹೆಂಡತಿ ಪುಟ್ಟಲಿಂಗಮ್ಮನ ಮುಂದೆ ಹೋಗಿ ನಿಂತರು. ಬೈದರೆ ಬೈಸಿಕೊಳ್ಳೋಣ ಎಂದೇ ಬಂದಿದ್ದರು. ಆಕೆ ಬೈಯಲಿಲ್ಲ.

"ನಿಮ್ಮೊಬ್ಬರನ್ನೇ ಯಾಕೆ ಅನ್ನಲಿ ಸಾ. ಬ್ಯಾಡ ಬ್ಯಾಡ ಅಂದ್ರೂ, ದೊಡ್ಡೋರು ಹೇಳವ್ರೆ ಒಪ್ಕೊ ಅಂತ ಬಲವಂತ ಮಾಡ್ದೋಳು ನಾನೇ ಕಣ್ರೀ."

ಆ ಮಾತು ಬೈಗುಳಕ್ಕಿಂತ ಭಾರವಾಗಿತ್ತು. ಗುರುಸಿದ್ದಯ್ಯನವರು ತಾವು ತಂದಿದ್ದ ಹೂವನ್ನು ಮೂಗಯ್ಯನ ಪಾದದ ಬಳಿ ಇಟ್ಟು ಕಣ್ಣು ಮುಚ್ಚಿದರು.

"ನಂಜುಂಡೇಶ್ವರಾ, ಕಾಡಿನಲ್ಲಿ ಕ್ಷೇಮವಾಗಿದ್ದವನನ್ನು, ಮುಪ್ಪಿನಲ್ಲಾದರೂ ಹೆಂಡತಿಯ ಜೊತೆಗಿರಲಿ ಎಂದು ಮೈಸೂರಿನ ಆಫೀಸಿನ ಗೇಟು ಕಾಯಲು ತಂದು ಹಾಕಿದೆ, ರಸ್ತೆಯಲ್ಲಿ ಮೈಮೇಲೆ ಬಂದ ಬಸ್ಸಿಗೂ ಅವನು ಆನೆಗೆ ನಿಂತ ಹಾಗೆಯೇ ನಿಂತ, ಅವನ ಆತ್ಮಕ್ಕೆ ಶಾಂತಿ ಕೊಡು ತಂದೆ."